ತುತ್ತಿನ ಅಳತೆ

ಕಂಪ್ಯೂಟರಿನಲ್ಲಿ ವಸ್ತುಗಳ ಆಕಾರ ಕಟ್ಟುವುದನ್ನು ಕಲಿಯಲು ನಾನು ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ದಿನಗಳು. ನೀವು ನಿತ್ಯ ಉಣ್ಣುವ ಯಾವುದಾದರೂ ಒಂದನ್ನು ಕ್ಯಾಡ್ ತಂತ್ರಾಂಶದಲ್ಲಿ ಮಾಡಿ ತೋರಿಸಿ ಎಂದರು ಒಮ್ಮೆ ಸರ್. ಪಕ್ಕದಲ್ಲಿ ಕೂರುವ ಬೇಗೂರಿನ ಗೆಳೆಯ ಇಡ್ಲಿ ಮಾಡಿದ. ನಾನು ಮುದ್ದೆ ಮಾಡಿದೆ. ಅರ್ಧ ವೃತ್ತ ಎಳೆದು ಗಿರ್ರನೆ ಒಂದು ಸುತ್ತು ತಿರುಗಿಸಿದರೆ ಮುದ್ದೆ ರೆಡಿ. ಒಲೆ ಬೇಡ, ಕೋಲು ಬೇಡ, ಗಂಟಾಗುವ ಭಯವಿಲ್ಲ.

"ಏನ್ಲಾ ಇದು, ಕಬ್ಬಿಣದ ಗುಂಡಾ?" ಎಂದ ಗೆಳೆಯ.

"ನಿನ್ ಇಡ್ಲಿಗಿಂತ ಮೆತ್ತಗದ ಕಣ್ಲಾ" ಎಂದು ಸರ್ ಅವರ ಮೂಗುದನಿಯಲ್ಲೇ ಹೇಳಿದೆ. ಸರ್ ಹಿಂದೆಯೇ ನಿಂತಿದ್ದರು.

"ಅಡಿ ಚಪ್ಪಟೆ ಮಾಡಪ್ಪಾ ಕಲಾವಿದ. ಹಿಂಗೇ ಬುಟ್ರೆ ಉರುಳ್ಕೊಂಡು ಗುಂಡ್ಲುಪೇಟೆಗೆ ಹೋಗ್ಬುಡ್ತದೆ" ಎಂದರು. ನನ್ನ ಅನುಕರಣೆಗಿಂತ ಅವರದೇ ಚೆನ್ನಾಗಿತ್ತು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಮುದ್ದೆಯನ್ನು ತಮಾಷೆಗೆ ಆರಿಸಿಕೊಂಡಿರಲಿಲ್ಲ. ಮನೆಯಲ್ಲಿ ಅವ್ವ ಊಟ ಬಿಡುತ್ತಿದ್ದಳು. ಲಕ್ವ ಹೊಡೆದ ಮೇಲೆ ಬಲತೋಳು ಹೇಗೋ ಬಾಯಿಯವರೆಗೆ ಏಳುತ್ತಿತ್ತು, ಬೆರಳು ಮಾತ್ರ ಏನನ್ನೂ ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣು ಎಂದರೆ, "ಥೂ, ಆ ಕೈಲಿ ಅನ್ನ ಮುಟ್ತಾರಾ?" ತಿನ್ನಿಸಲು ಹೋದರೆ, "ನಾನೇನ್ ಎಳೇ ಕೂಸಾ?" ಗಂಜಿಯ ಲೋಟವನ್ನಷ್ಟೇ ಎಡಗೈಯಲ್ಲಿ ಎತ್ತುತ್ತಿದ್ದಳು, ಅದನ್ನೂ ಅರ್ಧಕ್ಕೇ ಇಟ್ಟುಬಿಡುತ್ತಿದ್ದಳು. ದಿನೇ ದಿನೇ ಸೀರೆಯೊಳಗೆ ಅವಳು ಕಡಿಮೆಯಾಗುತ್ತಿದ್ದಳು.

ನಾನು ಮಹಾ ಎಂಜಿನಿಯರ್ ಅಲ್ಲವೇ, ಒಂದು ಉಪಾಯ ಹೂಡಿದೆ. ಅವಳ ಬಲ ಅಂಗೈಗೆ ಪಟ್ಟಿಯಿಂದ ಕಟ್ಟುವ ಒಂದು ಪುಟ್ಟ ಬಟ್ಟಲು, ಒಂದು ತುತ್ತು ಹಿಡಿಯುವಷ್ಟು. ಮುದ್ದೆಗೆ ಒತ್ತಿ, ಸಾರಿಗೆ ಅದ್ದಿ, ಬಾಯಿಗೆ. ಉಣ್ಣುವುದು ಬಲಗೈಯೇ. ಅಳತೆಗಾಗಿ ಮುದ್ದೆ ಮುರಿದು ಒಂದು ತುತ್ತು ಉಂಡೆ ಮಾಡಿ, ನುಂಗುವ ಮೊದಲು ಅದರ ದಪ್ಪವನ್ನು ಕ್ಲಾಸಿನ ಅಳತೆ ಇಕ್ಕಳ ವರ್ನಿಯರಿನಲ್ಲಿ ಹಿಡಿದೆ. ಕಂಪ್ಯೂಟರಿನಲ್ಲಿ ಮೊದಲು ಆ ತುತ್ತು ಕಟ್ಟಿ, ಅದರ ಸುತ್ತ ಬಟ್ಟಲು ಕಟ್ಟಿದೆ. ಸರ್ ಕ್ಲಾಸಿನ ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿಕೊಟ್ಟರು. ಅಂದು ಮೂಗುದನಿಯಲ್ಲಿ ಅವರು ಏನೂ ಛೇಡಿಸಲಿಲ್ಲ.

ಕೈಗೆ ಕಟ್ಟಿದಾಗ ಅವ್ವ ತಿರುಗಿಸಿ ತಿರುಗಿಸಿ ನೋಡಿದಳು. "ಇದೇನ್ಲಾ, ನಂಗೂ ಲಾಳ ಹೊಡ್ಸ್‌ಬುಟ್ಯಾ?"

ಮುದ್ದೆ ಅಂಟದಿರಲೆಂದು ಬಟ್ಟಲನ್ನು ನೀರಿಗೆ ಅದ್ದಿದೆ. ತುತ್ತು ಕೂತಿತು. ತೋಳು ನಡುಗುತ್ತ ಎದ್ದಿತು. ತುಟಿಯ ಬಳಿ ಬಂದು ತುತ್ತು ನಿಂತೇಬಿಟ್ಟಿತು. ಬಾಯಿ ಅಷ್ಟು ಅಗಲ ತೆರೆಯಲಿಲ್ಲ. ಮತ್ತೊಮ್ಮೆ ಎತ್ತಿದಳು. ಉಪ್ಸಾರು ಗಲ್ಲದಿಂದ ಇಳಿದು ಸೆರಗಿಗೆ ಸೋರಿತು.

"ಇಷ್ಟ್ ದಪ್ಪ ನಾನ್ ಯಾವತ್ ಉಂಡಿದ್ದೆ? ಇದು ನಿನ್ ತುತ್ತು ಕಣಾ" ಎಂದಳು. ಸಿಟ್ಟೇನೂ ಇರಲಿಲ್ಲ.

ಕಂಡಕ್ಟರ್ ಸೀಟಿ ಊದುವ ಮೊದಲು ಕೆನ್ನೆ ಉಬ್ಬಿಸುವುದು, ಚಿಕ್ಕಪ್ಪ ಸೀನುವ ಮೊದಲು ಮುಖ ಕಿವುಚುವುದು, ಎಲ್ಲವನ್ನೂ ಅಣಕಿಸಿ ತೋರಿಸಲು ನನಗೆ ಬರುತ್ತದೆ. ಅವ್ವ ಉಣ್ಣುವುದು ಬರುವುದಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಒಲೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ನನಗೆ ಗೊತ್ತಿದ್ದದ್ದು ಅವಳ ಬೆನ್ನು.

ಬಟ್ಟಲನ್ನು ಚಿಕ್ಕದು ಮಾಡಲು ಒಂದು ಸಂಖ್ಯೆ ಬದಲಿಸಿದರೆ ಸಾಕು. ಯಾವ ಸಂಖ್ಯೆ? ಮರುದಿನ ಬೆಳಿಗ್ಗೆ ವರ್ನಿಯರ್ ಹಿಡಿದು ಮಂಚದ ಪಕ್ಕ ಕೂತೆ.

"ಅವ್ವಾ, ನಿನ್ ತುತ್ತು ಎಷ್ಟ್ ದಪ್ಪ ಇತ್ತು, ತೋರ್ಸು. ಇವತ್ತೇ ಮಾಡಿಸ್ಕೊಂಡ್ ಬತ್ತೀನಿ."

ಎಡಗೈ ಎತ್ತಿ, ಹೆಬ್ಬೆರಳನ್ನು ತೋರುಬೆರಳಿನ ಹತ್ತಿರ ತಂದು ಚೂರೇ ಸಂದಿ ಬಿಟ್ಟಳು. ನೆಲ್ಲಿಕಾಯಿಗಿಂತ ಚಿಕ್ಕದು. ನಾನು ವರ್ನಿಯರ್ ತೂರಿಸುವಷ್ಟರಲ್ಲಿ ಬೆರಳು ಸಡಿಲಿಸಿದಳು.

"ಇಷ್ಟಿತ್ತು. ಈಗ ಅದೂ ಇಳ್ಯಲ್ಲ ಬುಡು ಮೊಗ."

ಕೈಯನ್ನು ಹೊದಿಕೆಯೊಳಗೆ ಸೇರಿಸಿ ಕಣ್ಣು ಮುಚ್ಚಿದಳು. ಕರೆದೆ. ಎದೆಯ ಮೇಲಿನ ಹೊದಿಕೆ ಏರಿಳಿಯುವುದು ನಿಂತಿತ್ತು. ಬಸ್ಸಿನ ಹೊತ್ತು ಮೀರುವವರೆಗೂ ಕರೆದೆ. ಆಮೇಲೆ ಕರೆಯುವುದನ್ನೂ ಬಿಟ್ಟೆ.