ಅರಿಸಿನ ಕೆಂಪಾಗುವ ಮೊದಲೇ

ಸಾತಪ್ಪ ಮಾಸ್ತರರದು ದೊಡ್ಡ ಕಂಠ. ಬೆಳಗಾವಿಯ ಖಾಸಬಾಗದಲ್ಲಿ ಅವರ ಮನೆಯ ಎರಡೂ ಬದಿಗೆ ಪಾವರ್‌ಲೂಮು. ಆ ಸದ್ದನ್ನು ಮೀರಿ ಕೂಗದಿದ್ದರೆ ಇನ್ನೊಂದು ರೊಟ್ಟಿಯೂ ತಾಟಿಗೆ ಬೀಳದಂಥ ಮನೆಯಲ್ಲಿ ಬೆಳೆದವರು. ಖಾನಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಲಿಸುವುದೆಂದರೆ ತಾವು ಹೇಳುವುದು, ಮಕ್ಕಳಿಂದ ಬರೆಸುವುದು, ಬರೆದದ್ದನ್ನು ಒಪ್ಪಿಸಿಕೊಳ್ಳುವುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿಯೇ ಬರುತ್ತಿದ್ದುದರಿಂದ ತಾವು ಒಳ್ಳೆಯ ಮಾಸ್ತರರೆಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಷ್ಟರಲ್ಲಿ ರಾಷ್ಟ್ರೀಯ ಪಠ್ಯಕ್ರಮದ ತರಬೇತಿ ಬಂತು. ಮಾಸ್ತರರು ಕಡಿಮೆ ಮಾತಾಡಬೇಕು, ಮಕ್ಕಳು ಮಾಡಿ ನೋಡಿ ತಾವೇ ಕಂಡುಕೊಳ್ಳಬೇಕು ಎಂದು ಬೆಳಗಾವಿಯ ಸಭಾಂಗಣದಲ್ಲಿ ಒಬ್ಬರಾದ ಮೇಲೊಬ್ಬರು ಬೆಳಗಿನಿಂದ ಸಂಜೆಯವರೆಗೆ ಭಾಷಣ ಮಾಡಿದರು. ಕೊನೆಗೆ ಸಾತಪ್ಪನವರ ನಾಲಿಗೆ ತಡೆಯಲಿಲ್ಲ. ಎದ್ದು ನಿಂತು, "ನಮ್ಮ ಸಾಲ್ಯಾಗ ನಾ ಮೊದಲಿಂದನೂ ಹಿಂಗ ಮಾಡ್ಕೋತ ಬಂದೀನ್ರಿ" ಎಂದುಬಿಟ್ಟರು.

ಮುಂದಿನ ಸಾಲಿನಲ್ಲಿದ್ದ ಅಧಿಕಾರಿ ನೇತ್ರಾ ಮೇಡಂ ಹಿಂತಿರುಗಿ ನೋಡಿದರು. "ಹೌದ್ರಿ? ಹಂಗಾದ್ರ ಬರೂ ವಾರ ನಿಮ್ಮ ಕ್ಲಾಸ್ ನೋಡಾಕ ಬರ್ತೀನಿ."

ಮರುದಿನ ಶಾಲೆಗೆ ಹೋಗುವ ಬಸ್ಸಿನಲ್ಲಿ ದೇಸೂರು ದಾಟುವವರೆಗೂ ಸಾತಪ್ಪ ತಮ್ಮನ್ನು ತಾವೇ ಬೈದುಕೊಂಡರು. ದಾಟಿದ ಮೇಲೆ ಒಂದು ಉಪಾಯ ಹೊಳೆಯಿತು. ಮಕ್ಕಳು ತಾವೇ ಕಂಡುಕೊಳ್ಳಬೇಕು, ಅಷ್ಟೇ ತಾನೆ? ಕಂಡುಕೊಳ್ಳುವುದು ಹೇಗೆಂದು ಮೊದಲೇ ಕಲಿಸಿಬಿಟ್ಟರಾಯಿತು!

ಹತ್ತನೆಯ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠ. ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಮೇಲೆ ಸಾಬೂನಿನ ನೀರು ಬಿದ್ದರೆ ಅದು ಕೆಂಪಾಗುತ್ತದೆ. ಹುಳಿ ಬಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಸಾತಪ್ಪ ಪಾತ್ರ ಹಂಚಿದರು. ಮರಿಯಮ ಬೆರಗಾಗಬೇಕು. ಲಕ್ಷ್ಮಣ ಪ್ರಶ್ನೆ ಕೇಳಬೇಕು. ಪೂನಮ ಯೋಚಿಸಿ ಉತ್ತರ ಹೇಳಬೇಕು.

"ಲಗೂನ ಹೇಳಬ್ಯಾಡವ್ವಾ. ಗಲ್ಲದ ಮ್ಯಾಲ ಕೈ ಇಟ್ಕೊ, ಮ್ಯಾಲ ನೋಡು, ಆಮ್ಯಾಲ ಹೇಳು."

"ನನಗ ಈಗಾಗ್ಲೇ ಗೊತ್ತೈತಲ್ರಿ ಸರ, ಮತ್ತ ಯೋಚನಿ ಯಾಕ ಮಾಡ್ಲಿ?" ಎಂದಳು ಪೂನಮ.

"ಗೊತ್ತಿಲ್ಲದವರಂಗ ಮಾಡಬೇಕು. ಹೊಸಾ ಪದ್ಧತಿ ಅದು."

ಆ ದಿನ ಬಂತು. ನೇತ್ರಾ ಮೇಡಂ ಕೊನೆಯ ಬೆಂಚಿನಲ್ಲಿ ಕುಳಿತರು, ಪಕ್ಕದಲ್ಲಿ ಹೆಡ್‌ಮಾಸ್ತರ ಬಸಯ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಸಾತಪ್ಪ, ಮಾತು ಹೊರಬೀಳದಂತೆ ತುಟಿ ಬಿಗಿಹಿಡಿದು, ಹಲ್ಲುನೋವು ಬಂದವರಂತೆ ನಿಂತಿದ್ದರು. ಸಾಬೂನಿನ ನೀರಿನ ಲೋಟ ಎತ್ತಿದರು. ಅರಿಸಿನದ ಕಾಗದದ ಮೇಲೆ ಬಗ್ಗಿಸತೊಡಗಿದರು. ಹನಿ ಇನ್ನೂ ಬಿದ್ದಿರಲಿಲ್ಲ.

"ಅಯ್ಯ! ಕೆಂಪಾತು!" ಎಂದು ಮರಿಯಮ ಎದೆಯ ಮೇಲೆ ಕೈಯಿಟ್ಟು ಕೂಗಿದಳು.

"ಯಾಕ ಹಿಂಗಾತ್ರಿ ಸರ?" ಎಂದು ಲಕ್ಷ್ಮಣ ದಡಕ್ಕನೆ ಎದ್ದ.

ಪೂನಮ ಗಲ್ಲಕ್ಕೆ ಕೈ ಹಚ್ಚಿ ಮೇಲೆ ನೋಡತೊಡಗಿದಳು.

ಕಾಗದ ಹಳದಿಯಾಗಿಯೇ ಇತ್ತು.

ಬಸಯ್ಯ ಕಣ್ಣು ಮುಚ್ಚಿಕೊಂಡರು. ನೇತ್ರಾ ಮೇಡಂ ತಲೆ ತಗ್ಗಿಸಿದ್ದರು. ಅವರ ಭುಜಗಳು ಅಲುಗುತ್ತಿದ್ದವು. ಸಿಟ್ಟು ಬಂದಿರಬೇಕೆಂದು ಸಾತಪ್ಪನವರ ಜೀವ ಬಾಯಿಗೆ ಬಂತು. ಆಮೇಲೆ ಗೊತ್ತಾಯಿತು, ಅವರು ನಗುತ್ತಿದ್ದರು.

"ಎಷ್ಟು ದಿನ ತಾಲೀಮು ಮಾಡಿಸೀರಿ ಸರ?"

"ಒಂದು ವಾರ ಆತ್ರಿ," ಎಂದರು ಸಾತಪ್ಪ, ತಮಗೇ ಕೇಳಿಸದಷ್ಟು ಮೆಲ್ಲಗೆ.

"ನಾಟಕ ಛಲೋ ಕಲ್ತಾರ. ಈಗ ತಾಲೀಮು ಇಲ್ಲದ್ದು ಏನರ ಮಾಡೂಣು. ಬಿಸಿಯೂಟದ ಅಡಿಗಿ ಮನ್ಯಾಗ ಏನೇನೈತಿ, ತಗೊಂಡ ಬರ್ರಿ ಮಕ್ಕಳ."

ಮಕ್ಕಳು ಓಡಿದರು. ಅಡಿಗೆ ಸೋಡಾ, ಲಿಂಬೆಹಣ್ಣು, ಬೂದಿ, ಬಿಸಿ ಸಾರು ಎಲ್ಲ ಮೇಜಿನ ಮೇಲೆ ಬಂದವು. ಯಾರೂ ಹೇಳಿಕೊಡದಿದ್ದರೂ ಲಕ್ಷ್ಮಣ ಸಾರಿನ ಲೋಟಕ್ಕೆ ಸೋಡಾ ಸುರಿದ. ಸಾರು ನೊರೆಯುಕ್ಕಿ ಸೀದಾ ಮಾಸ್ತರರ ಬಿಳಿ ಅಂಗಿಯ ಮೇಲೆ ಹಾರಿತು. ಗಾಬರಿಗೊಂಡ ಪೂನಮ ಸಾಬೂನಿನ ನೀರು ಹಚ್ಚಿ ತಿಕ್ಕಿದಳು. ಹೊಟ್ಟೆಯ ಮೇಲಿನ ಹಳದಿ ಕಲೆ ಕೆಂಪಗೆ ಅರಳಿತು.

"ಲಿಂಬಿಹಣ್ಣು ಹಿಂಡಲೇನ್ರಿ?" ಎಂದವಳೇ ಮರಿಯಮ ಹಿಂಡಿಯೂ ಬಿಟ್ಟಳು. "ಸರ! ಹೊಳ್ಳಿ ಹಳದಿ ಆತು!"

ಸಾತಪ್ಪ ಬಗ್ಗಿ ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಕೆಂಪಾದದ್ದು ಹುಳಿ ಬಿದ್ದರೆ ಮತ್ತೆ ಹಳದಿಯಾಗುವ ಸಂಗತಿಯನ್ನು ಅವರು ಎಷ್ಟೋ ತಂಡಗಳಿಗೆ ಬರೆಸಿದ್ದರು. ಕಣ್ಣಾರೆ ನೋಡಿದ್ದು ಇದೇ ಮೊದಲು. "ಇನ್ನೊಮ್ಮೆ ಸಾಬೂನು ಹಚ್ಚು!" ಎಂದರು. ಮೇಡಂ ಕುಳಿತಿದ್ದುದು ಗಂಟೆ ಹೊಡೆದಾಗಲೇ ಅವರಿಗೆ ನೆನಪಾಯಿತು.

"ತರಬೇತ್ಯಾಗ ನೀವು ಹೇಳಿದ್ದು ಸುಳ್ಳು, ಆದ್ರ ಅದನ್ನ ವರದ್ಯಾಗ ಬರಕೊಳ್ಳೂದಿಲ್ಲ," ಎಂದು ಮೇಡಂ ಹೊರಡುವಾಗ ಅಂದರು. "ಇನ್ನ ಮ್ಯಾಲ ಖರೇ ಮಾಡ್ರಿ."

ಖರೇ ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ಮುಂದಿನ ಪಾಠದಲ್ಲಿ ಬಲ್ಬು ಹತ್ತಲೇ ಇಲ್ಲ. ಗದ್ದಲ ಕೇಳಿ ಬಸಯ್ಯ ಓಡಿ ಬಂದರು. ಸಾತಪ್ಪ ಬೇಸತ್ತು ನೋಟ್ಸ್ ಬರೆಸಲು ನಿಂತರೆ ಮಕ್ಕಳು ಖುಷಿಯಿಂದಲೇ ಬರೆದುಕೊಂಡರು. ಈಗಲೂ ಒಂದು ದಿನ ಹಾಗೆ, ಒಂದು ದಿನ ಹೀಗೆ. ಆದರೆ ಪೂನಮಳಿಗೆ ಪ್ರಶ್ನೆ ಕೇಳುವ ಚಟ ಅಂಟಿಕೊಂಡಿದೆ. ಅರಿಸಿನದೊಳಗೆ ಅಂಥದ್ದೇನಿದೆ, ಅದಷ್ಟೇ ಯಾಕೆ ಬಣ್ಣ ಬದಲಿಸುತ್ತದೆ ಎಂದು ಅವಳು ಕೇಳಿದಾಗ ಮಾಸ್ತರರು ಗಲ್ಲದ ಮೇಲೆ ಕೈಯಿಟ್ಟು ಮೇಲೆ ನೋಡಿದರು. "ನಾಳೆ ಹೇಳ್ತೀನಿ" ಎಂದರು.

ಸಂಜೆಯ ಬಸ್ಸಿನಲ್ಲಿ ರಸಾಯನಶಾಸ್ತ್ರದ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲೆ ಹರವಿಕೊಂಡಿದ್ದ ಅವರನ್ನು ನೋಡಿ ಪಕ್ಕದವರು ವಿಚಾರಿಸಿದರು: "ಮಕ್ಕಳ ಪರೀಕ್ಷಾ ಐತೇನ್ರಿ?"

"ಇಲ್ರಿ," ಎಂದರು ಸಾತಪ್ಪ ಹಾಳೆ ತಿರುವುತ್ತ, "ನಂದ ಐತಿ."