ಹೆಸರು ಕೇಳದ ಫೋನು

ನಾಗನೂರಿನ ದಾಕ್ಷಾಯಿಣಿ ಡಿಪ್ಲೊಮಾ ಮುಗಿಸಿ ಗೋಕಾಕದಲ್ಲಿ ಒಂದು ಸಣ್ಣ ಅಂಗಡಿ ಇಟ್ಟಳು. ಹೊಲದ ಮೋಟರನ್ನು ಮನೆಯಲ್ಲೇ ಕೂತು ಫೋನಿನಿಂದ ಚಾಲೂ ಮಾಡುವ ಪೆಟ್ಟಿಗೆ, ಶಾಲೆಗಳಿಗೆ ತಾನಾಗಿಯೇ ಬಾರಿಸುವ ಗಂಟೆ, ಇಂಥವನ್ನು ಕೂಡಿಸಿ ಕೊಡುವುದು ಅವಳ ಕಸುಬು. ಹೆಣ್ಣುಮಗಳು ಬೆಸುಗೆ ಹಾಕುತ್ತಾಳೆಂದು ಮೊದಮೊದಲು ನಿಂತು ನೋಡುತ್ತಿದ್ದವರೇ ಈಗ ಕೆಟ್ಟ ಸ್ಟಾರ್ಟರು ಹಿಡಿದುಕೊಂಡು ಬಂದು ಸರದಿಗೆ ಕೂಡುತ್ತಿದ್ದರು.

ಹುಕ್ಕೇರಿಯ ದರ್ಜಿ ಶೆಟ್ಟೆಪ್ಪ ಬಂದದ್ದು ಬೇರೆಯದೇ ಕೆಲಸಕ್ಕೆ. ಒಂದು ಕಾಲದಲ್ಲಿ ಕುಡಿತಕ್ಕಾಗಿ ಹೊಲಿಗೆ ಯಂತ್ರವನ್ನೇ ಮಾರಿಕೊಂಡಿದ್ದ ಮನುಷ್ಯ. ಬಿಟ್ಟ ಮೇಲೆ, ಬಿಡಬೇಕೆನ್ನುವವರಿಗೆ ಆಸರೆಯಾಗಲೆಂದು ಹುಕ್ಕೇರಿಯಲ್ಲೂ ಮೂಡಲಗಿಯಲ್ಲೂ ವಾರಕ್ಕೊಮ್ಮೆ ಸಭೆ ನಡೆಸುತ್ತಿದ್ದ. ಯಾವುದೋ ಸಂಸ್ಥೆಯವರು ಅದಕ್ಕೊಂದು ಆ್ಯಪ್ ಕೊಟ್ಟಿದ್ದರು. ಹೆಸರು, ಊರು, ನಂಬರು, ಆಧಾರ್, ಮೇಲೊಂದು ಫೋಟೊ ಕೊಟ್ಟರೆ ಮಾತ್ರ ಅದು ಒಳಗೆ ಬಿಡುತ್ತಿತ್ತು. ಫೋಟೊ ಅಂದ ಕೂಡಲೇ ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರು.

“ಯಾರೂ ತಮ್ಮೂರಾಗ ಸಭಾಕ ಬರಂಗಿಲ್ಲ ತಂಗಿ,” ಎಂದ ಶೆಟ್ಟೆಪ್ಪ. “ಮೂಡಲಗಿಯವ್ರು ಹುಕ್ಕೇರಿಗೆ ಬರ್ತಾರ, ಹುಕ್ಕೇರಿಯವ್ರು ಮೂಡಲಗಿಗೆ ಹೋಗ್ತಾರ. ಗುರ್ತ ಹತ್ತಬಾರ್ದಂತ. ಅಂಥವ್ರ ಫೋಟೊ ತಗೊಂಡ್ರ ಉಳೀತಾರೇನು? ಚಟ ಕೆರಳಿದಾಗ ಒಂದು ಫೋನ್ ಹಚ್ಚಬೇಕು, ಬಿಟ್ಟಾವ ಒಬ್ಬ ಎತ್ತಿ ಮಾತಾಡಬೇಕು. ಅಷ್ಟ ಸಾಕು.”

“ಹೆಸರರ ಬೇಕಲ್ರಿ ಕಾಕಾ?”

“ಹೆಸರು ತಗೊಂಡು ಏನ್ ಮಾಡೋದೈತಿ?”

ದಾಕ್ಷಾಯಿಣಿ ಕಾಗದ ತೆಗೆದು ಬೇಕಾದ್ದನ್ನೆಲ್ಲ ಪಟ್ಟಿ ಮಾಡಿದಳು. ಇಲ್ಲಿಯವರೆಗೆ ಏನೇ ಮಾಡಿದರೂ ಮೊದಲು ಹೆಸರಿನ ಖಾನೆಯಿಂದಲೇ ಶುರುಮಾಡುತ್ತಿದ್ದವಳು. ಈ ಸಲ ಒಂದೊಂದನ್ನೇ ಹಿಡಿದು, ಇದಿಲ್ಲದಿದ್ದರೆ ಮಾತು ನಿಲ್ಲುತ್ತದೆಯೇ ಎಂದು ಕೇಳಿಕೊಂಡಳು. ಹೆಸರಿಲ್ಲದೆ ನಿಲ್ಲುವುದಿಲ್ಲ, ಊರಿಲ್ಲದೆಯೂ ಇಲ್ಲ. ನಂಬರು ಬೇಕು, ಅದೂ ಮಾತು ನಡೆದಿರುವಷ್ಟು ಹೊತ್ತು. ಹಾಗೇ ಮಾಡಿದಳು. ಕರೆ ಬಂದರೆ ಪೆಟ್ಟಿಗೆ ಅದನ್ನು ಕುಡಿತ ಬಿಟ್ಟು ಫೋನೆತ್ತಲು ಒಪ್ಪಿದವರಲ್ಲಿ ಬಿಡುವಿರುವ ಒಬ್ಬರಿಗೆ ಜೋಡಿಸುತ್ತದೆ, ಇವರ ನಂಬರು ಅವರಿಗೆ ಕಾಣುವುದಿಲ್ಲ, ಅವರದು ಇವರಿಗೆ ಕಾಣುವುದಿಲ್ಲ, ಫೋನು ಇಟ್ಟ ಕೂಡಲೇ ಹಚ್ಚಿದವರ ನಂಬರು ಅಳಿಸಿಹೋಗುತ್ತದೆ. ತಿಂಗಳಿಗೆ ಒಟ್ಟು ಎಷ್ಟು ಕರೆ ಎಂಬುದಷ್ಟೇ ಉಳಿಯುತ್ತದೆ, ಫೋನೆತ್ತುವವರು ಸಾಕೋ ಇನ್ನೂ ಬೇಕೋ ತಿಳಿಯಲೆಂದು.

“ಸಿಮ್ ಕಂಪನಿಯವ್ರ ಹತ್ರ ಲೆಕ್ಕ ಇರತೈತ್ರಿ, ಅದು ನನ್ನ ಕೈಯಾಗಿಲ್ಲ. ನಮ್ಮ ಪೆಟ್ಟಿಗ್ಯಾಗ ಮಾತ್ರ ಹಚ್ಚಿದವ್ರ ನಂಬರ ಉಳ್ಯಂಗಿಲ್ಲ,” ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಶೆಟ್ಟೆಪ್ಪನೂ ಸಭೆಯಲ್ಲಿ ಅದನ್ನೇ ಹೇಳಿದ. ಪೆಟ್ಟಿಗೆ ಅವಳ ಅಂಗಡಿಯ ಗೋಡೆಯ ಮೇಲೆ ಕೂತಿತು. ಮಾತು ನಡೆದಿರುವಾಗ ಅದರ ಕೆಂಪು ದೀಪ ಮಿಣುಕುತ್ತಿತ್ತು. ಬರಬರುತ್ತ ಅದು ಎಷ್ಟು ಮಿಣುಕತೊಡಗಿತೆಂದರೆ, ಹತ್ತರಗಿಯ ಹೈವೇ ಬದಿಯ ಚಹಾದಂಗಡಿಯವನೊಬ್ಬ ತಾನೂ ಫೋನೆತ್ತುತ್ತೇನೆಂದು ಮುಂದೆ ಬರಬೇಕಾಯಿತು.

ಕಬ್ಬಿನ ಹಂಗಾಮು ಮುಗಿದ ಹೊತ್ತಿಗೆ ಒಂದು ದಿನ ಮಧ್ಯಾಹ್ನ ಅವಳ ಅವ್ವ ಯಲ್ಲವ್ವ ಊರಿಂದ ಬಸ್ಸು ಹತ್ತಿ ಬಂದಳು. ದಾಕ್ಷಾಯಿಣಿಯ ತಮ್ಮ ಮಾಲಿಂಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಕುಡಿಯುವವನು.

“ಮಾಲಿಂಗ ಮನಿ ಬಿಟ್ಟು ಹ್ವಾದಾವ ಇನ್ನೂ ಬಂದಿಲ್ಲವಾ. ಫೋನ್ ಬಂದ್ ಐತಿ. ಈಚೀಚಿಗೆ ದನದ ಕೊಟ್ಟಿಗಿ ಹಿಂದ ನಿಂತು ಯಾರ ಕೂಡೋ ಮಾತಾಡ್ತಿದ್ದ. ನಿನ್ನ ಪೆಟ್ಟಿಗಿ ಕೂಡ ಮಾತಾಡ್ತಿದ್ದನೋ, ಕುಡ್ಯೋ ದೋಸ್ತರ ಕೂಡ ಮಾತಾಡ್ತಿದ್ದನೋ, ನೋಡಿ ಹೇಳು.”

“ಅದ್ರಾಗ ಇರಂಗಿಲ್ಲವ್ವಾ.”

“ಮಾಡಿದಾಕಿ ನೀನ. ನಿನಗೂ ಕಾಣಂಗಿಲ್ಲಂದ್ರ ಹ್ಯಾಂಗ?”

ದಾಕ್ಷಾಯಿಣಿ ಲ್ಯಾಪ್‌ಟಾಪ್ ಜೋಡಿಸಿ ತೋರಿಸಿದಳು. ಕರೆಗಳ ಒಟ್ಟು ಸಂಖ್ಯೆ ಬಿಟ್ಟರೆ ಪರದೆ ಬರಿದು. ಆದರೆ ಇವತ್ತಿನಿಂದ ನಂಬರು ಉಳಿಯುವಂತೆ ಮಾಡಲು ಪೆಟ್ಟಿಗೆಯ ಪ್ರೋಗ್ರಾಮಿಗೆ ಒಂದೇ ಸಾಲು ಸೇರಿಸಿದರೆ ಸಾಕು. ತಮ್ಮ ಫೋನು ಹಚ್ಚಿದರೆ ಬದುಕಿದ್ದಾನೆಂದಾದರೂ ತಿಳಿಯುತ್ತದೆ. ಕೈ ತಡೆಯಲಿಲ್ಲ, ಆ ಸಾಲು ಬರೆದೇಬಿಟ್ಟಳು. ಅದನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಶೆಟ್ಟೆಪ್ಪನಿಗೆ ಫೋನು ಮಾಡಿದಳು.

ಅವನು ಎಲ್ಲ ಕೇಳಿಸಿಕೊಂಡು ಅಂದ, “ಹಾಕ್ಕೋ ತಂಗಿ, ನಿನ್ನ ತಮ್ಮ. ಆದ್ರ ನಾ ಎಲ್ಲಾರಿಗೂ ಹೇಳಬೇಕಾಗತೈತಿ, ಇನ್ನ ಮ್ಯಾಲ ನಂಬರ ಉಳೀತೈತಿ ಅಂತ. ಹೇಳದ ಇಡಾಕ ಬರಂಗಿಲ್ಲ.”

ಹೇಳಿದರೆ ಎಲ್ಲರೂ ಮತ್ತೆ ಎದ್ದು ಹೋಗುತ್ತಾರೆ. ಮಾಲಿಂಗ ಅವರಲ್ಲಿದ್ದರೆ ಅವನೂ ಹೋಗುತ್ತಾನೆ. ಅವಳು ಸಾಲನ್ನು ಅಳಿಸಿದಳು.

“ಮಂದಿ ಗುಟ್ಟು ತಮ್ಮಗಿಂತ ಹೆಚ್ಚಾತೇನ ನಿನಗ?” ಎಂದು ಯಲ್ಲವ್ವ ಕಣ್ಣೊರೆಸಿಕೊಂಡಳು. ಅಂಗಡಿ ಮುಚ್ಚಿ ಇಬ್ಬರೂ ಕಾರ್ಖಾನೆಯ ಗೇಟು, ಧಾಬಾ, ಗೆಳೆಯರ ಮನೆ ಎಂದು ಅಲೆದರು. ಠಾಣೆಯಲ್ಲೂ ಹೇಳಿ ಬಂದರು. ಆಮೇಲಿನ ದಿನಗಳಲ್ಲಿ ಗೋಡೆಯ ದೀಪ ಮಿಣುಕಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಅವನೇ ಇರಬಹುದೇ? ಯಾರೋ ಏನೋ.

ಒಂದು ಮುಂಜಾನೆ ಅಂಗಡಿಯ ಬಾಗಿಲಲ್ಲಿ ಗಡ್ಡ ಬಿಟ್ಟ, ಮೀನಿನ ವಾಸನೆ ಹೊಡೆಯುವ ಆಳೊಬ್ಬ ನಿಂತಿದ್ದ.

“ಅಕ್ಕಾ, ರೊಟ್ಟಿ ಐತೇನು?”

ಹೊಡೆಯಬೇಕೆಂದು ಎದ್ದವಳು ತಮ್ಮನ ತೋಳು ಹಿಡಿದು ಹಾಗೇ ನಿಂತಳು. ಉಸಿರಿನಲ್ಲಿ ಹೆಂಡದ ವಾಸನೆ ಇರಲಿಲ್ಲ. ಬುತ್ತಿ ಬಿಚ್ಚಿ ಮುಂದಿಟ್ಟಳು. ಅವನು ಉಣ್ಣುತ್ತ ಉಣ್ಣುತ್ತ ಹೇಳಿದ.

“ಹಿಡಕಲ್‌ದಾಗಿದ್ನಿ, ಮೀನ ಹಿಡ್ಯೋ ದೋಸ್ತನ ಮನ್ಯಾಗ. ಹಂಗಾಮ ಮುಗೀತಂತ ನಮ್ಮ ಗ್ಯಾಂಗಿನವ್ರು ಪಾರ್ಟಿ ಇಟ್ಟಿದ್ರು, ಒಂದ ಸವನ ಫೋನ್ ಹೊಡ್ಯಾಕತ್ತಿದ್ರು. ಫೋನ್ ಚಾಲೂ ಇಟ್ರ ಹೋಗಿಬಿಡ್ತಿದ್ನಿ. ನಿನ್ನ ಪೆಟ್ಟಿಗಿಗೆ ಹಚ್ಚಿದ್ನಿ. ಎತ್ತಿದಾವ ಹೇಳಿದ, ನಾಕ ದಿನ ಬಾಟಲಿ ಇಲ್ಲದ ಕಡಿ ಹೋಗಿ ಬಿಡಪಾ ಅಂತ.”

“ಯಾರಂವ?”

“ಯಾರಿಗ್ಗೊತ್ತು? ಹಿಂದ ಲಾರಿ ಸಪ್ಪಳ, ಚಹಾದ ಕಪ್ಪು ಬಶಿ ಸಪ್ಪಳ ಕೇಳ್ತಿತ್ತು.”

ಅದು ಹತ್ತರಗಿಯ ಚಹಾದಂಗಡಿಯವನೇ ಎಂದು ದಾಕ್ಷಾಯಿಣಿಗೆ ಹೊಳೆಯಿತು. ಬಾಯಿ ಬಿಡಲಿಲ್ಲ.

“ಅವ್ವಗ ಒಂದ ಮಾತ ಹೇಳಿ ಹೋಗಾಕ ಏನಾಗಿತ್ತು ನಿನಗ?”

“ತಪ್ಪಾತಕ್ಕಾ. ಅಲ್ಲಿಂದ ದೋಸ್ತನ ಫೋನಿನಾಗಿಂದ ನಿನ್ನ ಪೆಟ್ಟಿಗಿಗೆ ಹಚ್ತಿದ್ನಿ, ಮನಿಗೆ ಹಚ್ಚಾಕ ಧೈರ್ಯ ಆಗಲಿಲ್ಲ. ನಡುವ ಒಮ್ಮೆ ಕುಡಿದ್ನಿ, ಸುಳ್ಳ್ಯಾಕ ಹೇಳ್ಲಿ. ಅವತ್ತೂ ಹಚ್ಚಿದ್ನಿ. ಎತ್ತಿದಾವ ಬೈಲಿಲ್ಲ.” ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಂದ, “ಮೊದಲ ಸಲ ಹಚ್ಚಿದಾಗ ಕೇಳಿದ್ನಿ, ಪೆಟ್ಟಿಗಿ ಮಾಡಿದವ್ರಿಗೆ ಇದು ಗೊತ್ತಾಗತೈತೇನ್ರಿ ಅಂತ. ಅವರಿಗೂ ಗೊತ್ತಾಗಂಗಿಲ್ಲ ಅಂದ್ರು. ಇಲ್ಲಂದ್ರ ನಾ ಹಚ್ತಿದ್ದಿಲ್ಲಕ್ಕಾ.”

ದಾಕ್ಷಾಯಿಣಿ ಇನ್ನೊಂದು ರೊಟ್ಟಿ ಅವನ ಮುಂದಿಟ್ಟಳು. ಅಂದು ನಂಬರು ಹಿಡಿದಿಟ್ಟಿದ್ದರೂ ಅದರಲ್ಲಿ ಇವನ ನಂಬರು ಇರುತ್ತಿರಲಿಲ್ಲ, ದೋಸ್ತನದಷ್ಟೇ ಇರುತ್ತಿತ್ತು. ಫೋನೇ ಹಚ್ಚಿಲ್ಲವೆಂದು ತಾನೇ ಅವ್ವನಿಗೆ ಹೇಳಿ, ಅವಳು ಇನ್ನಷ್ಟು ಅಳುವಂತೆ ಮಾಡುತ್ತಿದ್ದಳು. ಅವಳಿಗೆ ಅಳುವೂ ನಗೆಯೂ ಒಟ್ಟಿಗೇ ಬಂದವು.

ಮೊದಲು ಠಾಣೆಗೆ, ಆಮೇಲೆ ಊರಿಗೆ ಫೋನು ಮಾಡಿದಳು.

“ಅವ್ವಾ, ಬಂದಾನ. ಉಣ್ಣಾಕತ್ತಾನ.”

ಆ ಕಡೆ ಎಷ್ಟೋ ಹೊತ್ತು ಬರೀ ಬಿಕ್ಕು. ಆಮೇಲೆ ಯಲ್ಲವ್ವನ ಎಂದಿನ ದನಿ. “ಹೊಟ್ಟಿ ತುಂಬ ಹಾಕು. ಆಮ್ಯಾಗ ನಾ ನೋಡ್ಕೊಂತೀನಿ ಅವನ್ನ.”

ಮಾಲಿಂಗ ಕೈತೊಳೆದು ಅಂಗಡಿಯ ಮೂಲೆಯ ಚಾಪೆಯ ಮೇಲೆ ಬಿದ್ದವನೇ ನಿದ್ದೆಹೋದ. ಬಿಸಿಲು ಮುಖಕ್ಕೆ ಬೀಳದಂತೆ ದಾಕ್ಷಾಯಿಣಿ ಶಟರನ್ನು ಅರ್ಧ ಎಳೆದು, ಗಿರಾಕಿಯೊಬ್ಬ ಬಿಟ್ಟುಹೋಗಿದ್ದ ಸ್ಟಾರ್ಟರನ್ನು ಸಪ್ಪಳವಾಗದಂತೆ ಬಿಚ್ಚತೊಡಗಿದಳು.