ಹೆಸರಿದ್ದ ಅಂಗಿ

ಬ್ಯಾಡಗಿಯ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಆಟ, ಎದುರಿಗೆ ಹಾವೇರಿಯವರು. ನಮ್ಮ ರಾಣೆಬೆನ್ನೂರು ತಂಡದಲ್ಲಿ ಗೋಲು ಹೊಡೆಯುವವನು ಅಂದರೆ ಒಬ್ಬನೇ, ಕುಪ್ಪೇಲೂರಿನ ಹುಡುಗ. ಅವನು ಬಲಗಾಲು ನೇರವಾಗಿ ಚಾಚಿ ಕೂತು, ಪಕ್ಕದವನ ಕೈಯಿಂದ ಬೂಟಿನ ಲೇಸು ಕಟ್ಟಿಸಿಕೊಳ್ಳುತ್ತಿದ್ದ. ಉಳಿದವರು ಹೀರೋನ ಗತ್ತು ಅಂತ ನಕ್ಕರು. ನನಗೆ ನಗು ಬರಲಿಲ್ಲ. ಹೋಗಿ ಮೊಣಕಾಲು ಮುಟ್ಟಿದೆ. ಬಾತುಕೊಂಡಿತ್ತು, ಬಿಸಿ ಇತ್ತು. ಮಡಿಚಲು ಬಾರದ್ದಕ್ಕೇ ಆ ಗತ್ತು.

"ಇವತ್ತ ನೀ ಆಡೂದು ಬ್ಯಾಡ," ಅಂದೆ.

"ಏನ್ ಮಾತಾಡ್ತೀರಿ ಕಾಕಾ? ನೋವಿನ ಸ್ಪ್ರೇ ಹೊಡಕೊಂಡೇನಿ. ಮಂದಿ ನನ್ನ ನೋಡಾಕ ಬಂದಾರ."

ಮ್ಯಾನೇಜರ್ ನಾನು. ಹಾಗಂತ ಹೇಳಿಕೊಳ್ಳುವುದಷ್ಟೇ. ನಾವು ಆಡುವ ಕಾಲಕ್ಕೆ ಈ ಕೆಲಸ ಡ್ರಿಲ್ ಮಾಸ್ತರರದ್ದಾಗಿತ್ತು. ಅಂಗಿಗಳೆಲ್ಲ ಅವರ ಟ್ರಂಕಿನಲ್ಲಿರುತ್ತಿದ್ದವು. ಆಟಕ್ಕೆ ಮುಂಚೆ ಟ್ರಂಕು ತೆಗೆದು ಒಂದೊಂದೇ ಅಂಗಿ ಎಸೆಯುತ್ತಿದ್ದರು. ಯಾರ ಮಡಿಲಿಗೆ ಬಿತ್ತೋ ಅವನು ಆಡಬೇಕು, ಬೀಳದವನು ಸುಮ್ಮನೆ ಕೂರಬೇಕು. ಯಾಕೆ ಅಂತ ಕೇಳುವ ಧೈರ್ಯ ನಮ್ಮಪ್ಪಂದಿರಿಗೂ ಇರಲಿಲ್ಲ.

ಹಿಂದಿನ ಕಾಲವೇ ಚಲೋ ಇತ್ತು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಫೈನಲ್ಲಿನ ದಿನ ನನ್ನ ಗೆಳೆಯನ ಮೊಣಕಾಲು ಹೀಗೇ ಬಾತಿತ್ತು. ನಮ್ಮಲ್ಲಿ ಅವನಷ್ಟು ಜೋರಾಗಿ ಓಡುವವರು ಇರಲಿಲ್ಲ. ಮಾಸ್ತರು ನೋಡಿಯೂ ಅಂಗಿ ಎಸೆದರು. "ಗಂಡಸಲ್ಲೇನು? ಆಡು!" ಅವನು ತುಟಿ ಕಚ್ಚಿ ಹಾಕಿಕೊಂಡ. ಗೆದ್ದೆವು, ಊರು ಕುಣಿಯಿತು. ಅವನೀಗ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡಡ್ಡ ಇಳಿಯುತ್ತಾನೆ.

ಈಗ ಅಂಗಿಯ ಬೆನ್ನ ಮೇಲೆ ಹೆಸರು ಬಂದಿದೆ, ಅಂಗಿ ಅವರವರ ಮನೆಯಲ್ಲೇ ಇರುತ್ತದೆ. ತೊಟ್ಟುಕೊಂಡೇ ಬರುತ್ತಾರೆ. ಸ್ವಲ್ಪ ಗದರಿದರೆ ವಾಟ್ಸಾಪ್ ಗುಂಪಿನಿಂದ ಹೊರಗೆ ನಡೆಯುತ್ತಾರೆ, ಆಮೇಲೆ ಮನೆಗೆ ಹೋಗಿ ರಮಿಸಿ ಕರೆತರಬೇಕು. ಅಂದು ಬದಲಿಗೆ ಇದ್ದವನು ಒಬ್ಬನೇ, ಕುಮಾರಪಟ್ಟಣದಿಂದ ಹೊಸದಾಗಿ ಬಂದವನು. ಅವನ ಅಂಗಿ ಇನ್ನೂ ಪ್ರಿಂಟಾಗಿರಲಿಲ್ಲ. ಅವನು ಆಡಬೇಕಾದರೆ ಕುಪ್ಪೇಲೂರಿನವನ ಮೈಮೇಲಿನದು ಬರಬೇಕು.

"ಅಂಗಿ ಬಿಚ್ಚು," ಅಂದೆ.

ಅವನು ಎದ್ದು ನಿಂತು ನನಗೆ ಬೆನ್ನು ತೋರಿಸಿದ. "ಯಾರ ಹೆಸರೈತಿ ಓದ್ರಿ. ಬಿಚ್ಚೂದಿಲ್ಲ."

ಗೋಲು ಕಾಯುವ ನಮ್ಮ ನಾಯಕ ಅವನ ಪಕ್ಕಕ್ಕೆ ಬಂದ. "ಅವ ಇಲ್ಲಂದ್ರ ನಾವೂ ಇಲ್ರಿ, ಕಾಕಾ." ಉಳಿದವರೂ ಒಬ್ಬೊಬ್ಬರಾಗಿ ಅವರ ಹಿಂದೆ ಸರಿದರು. ನೋಡಲು ಬಂದವರ ಮೊಬೈಲುಗಳು ಮೇಲೆದ್ದವು. ರೆಫರಿ ಸೀಟಿ ಊದಿ ನಮ್ಮನ್ನು ಕರೆದ.

"ಹಂಗಾದ್ರ ಎಲ್ಲಾರೂ ಕುಂದ್ರಿ," ಅಂದೆ. "ಕಪ್ ಹಾವೇರಿಯವರಿಗೆ ಬಿಟ್ಟುಕೊಟ್ಟು ಬರ್ತೇನಿ."

ರೆಫರಿಯ ಕಡೆ ನಡೆಯತೊಡಗಿದೆ. ಒಬ್ಬನೂ ಕರೆಯದಿದ್ದರೆ ತಂಡ ಅಂದಿಗೇ ಮುಗಿಯುತ್ತಿತ್ತು. ಹಿಂದಿರುಗಿ ಅವನ ಭುಜ ತಟ್ಟಿ, ಆಡಪ್ಪಾ ಅಂದುಬಿಡಲೇ ಅನ್ನಿಸಿತು. ಆ ಅಡ್ಡಡ್ಡ ಇಳಿಯುವ ಕಾಲು ಕಣ್ಣ ಮುಂದೆ ಬಂತು. ನಿಲ್ಲಲಿಲ್ಲ. ಅರ್ಧ ದಾರಿಯಲ್ಲಿ ಬೆನ್ನಿಗೆ ಏನೋ ಬಂದು ಬಡಿಯಿತು.

ಅಂಗಿ.

"ತಗೋರಿ! ಹೊಟ್ಟಿ ತಣ್ಣಗಾತೇನ್ರಿ ಈಗ?" ಅವನ ಕಣ್ಣು ತುಂಬಿತ್ತು.

ಹೆಸರು ಕಾಣದ ಹಾಗೆ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ಹೊಸಬನಿಗೆ ಕೊಟ್ಟೆ. ಆಡಿದೆವು. ಒಂದು ಗೋಲಿನಿಂದ ಸೋತೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವು, ಅದರಲ್ಲಿ ನನಗೆ ಅನುಮಾನವಿಲ್ಲ.

ಮರುದಿನ 'ಮುದುಕನ ಸೊಕ್ಕು' ಅಂತ ವಿಡಿಯೋ ಊರೆಲ್ಲ ಹರಿದಾಡಿತು. ಚಹಾದಂಗಡಿಯಲ್ಲಿ, "ಗೆಲ್ಲೂ ಆಟ ಕೆಡಿಸಿದ್ರಲ್ರಿ," ಅಂತ ಮುಖಕ್ಕೇ ಅಂದರು. ಬಹಳ ನೋವಾಯಿತು. ಬೀಜದಂಗಡಿಗೆ ಹೋಗಿ ಕೂತೆ. ಗೆಳೆಯ ಒಂದೇ ಮಾತು ಕೇಳಿದ. "ಮೊಣಕಾಲ ಖರೇನ ಬಾತಿತ್ತೇನು?"

"ಬಾತಿತ್ತು."

ಅವನು ತನ್ನ ಕಾಲು ಸವರಿಕೊಂಡ. "ಅವತ್ತ ನೀ ಮ್ಯಾನೇಜರ್ ಇರಬೇಕಿತ್ತಲೇ," ಅಂದು ಗಿರಾಕಿಯ ಕಡೆ ತಿರುಗಿದ.

ಆ ಹುಡುಗ ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮೊನ್ನೆ ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿದ್ದೆ. ಕುಪ್ಪೇಲೂರಿನ ಬಸ್ಸು ಹೊರಟುಬಿಟ್ಟಿತ್ತು. ಅವನು ಹೆಗಲಿಗೆ ಬ್ಯಾಗು ಹಾಕಿಕೊಂಡು ಬೆನ್ನಟ್ಟಿ ಬಂದ, ಓಡಿ ಜಿಗಿದು ಬಾಗಿಲ ಕಂಬಿ ಹಿಡಿದ. ನನ್ನನ್ನು ನೋಡಿದವನೇ ಮುಖ ತಿರುಗಿಸಿದ.

ತಿರುಗಿಸಲಿ. ಓಡಿ ಹತ್ತಿದನಲ್ಲ.